ಭುಜದಡಿಯ ಟವೆಲ್

ಅಕ್ಕಾ,

ಸತ್ತ ಮೇಲೂ ನಿನ್ನ ಕೈ ಸುಮ್ಮನಿರುವುದಿಲ್ಲ ನೋಡು. ಇವತ್ತು ಮಧ್ಯಾಹ್ನ ಲಾರಿಗೆ ಸಿಕ್ಕ ಪುಟ್ಟ ಹುಡುಗಿಯ ಗಂಟಲಿಗೆ ಉಸಿರಿನ ನಳಿಕೆ ಇಳಿಸಬೇಕಿತ್ತು. ಮಕ್ಕಳ ತಲೆ ದೊಡ್ಡದು, ಕತ್ತು ಬಾಗಿದರೆ ಉಸಿರಿನ ದಾರಿ ಮುಚ್ಚುತ್ತದೆ, ಭುಜದಡಿ ಟವೆಲ್ ಇಡು ಎಂದು ಕಲಿಸಿದವಳು ನೀನೇ. ಇಡಲು ಹೋದರೆ ಆಗಲೇ ಇತ್ತು, ನಿನ್ನ ಹಾಗೆಯೇ ಮೂರು ಮಡಿಕೆ ಮಾಡಿ.

“ಯಾರಮ್ಮಾ ಇಟ್ಟಿದ್ದು?”

“ನಾನಂತೂ ಮುಟ್ಟಿಲ್ಲ ಡಾಕ್ಟ್ರೇ,” ಎಂದಳು ನರ್ಸ್.

ಮಗು ಉಳಿಯಿತು.

ನಿನ್ನ ಮಗಳನ್ನು ಆಸ್ಪತ್ರೆಗೆ ತಂದ ದಿನ ಗಾಬರಿಯಲ್ಲಿ ನಾನು ತಲೆಯಡಿ ದಿಂಬು ಇಟ್ಟಿದ್ದೆ. ಕತ್ತು ಬಾಗಿತು, ಅವಳು ಉಳಿಯಲಿಲ್ಲ. ನಿನಗೆ “ಕೈಮೀರಿತ್ತು ಅಕ್ಕ” ಎಂದಷ್ಟೇ ಹೇಳಿ, ದಿಂಬನ್ನು ಸುಟ್ಟುಹಾಕಿದ್ದೆ.

ಇದನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ. ಆ ದಿಂಬು ನನ್ನ ಕುರ್ಚಿಯ ಮೇಲಿದೆ. ನಡುವೆ ಪುಟ್ಟ ತಲೆಯಷ್ಟು ತಗ್ಗು ಬಿದ್ದಿದೆ.