ಸಕ್ಕರೆಯಿಲ್ಲದ ಹನಿ

ಅಮ್ಮನ ಮನೆ
ಮಾರ್ಚ್ ೯, ಭಾನುವಾರ

ನನ್ನ ಚಿಕ್ಕೂ,

‘ಕೈಯಿಂದ ಕೈಗೆ ದಾಟಿದ ಭಾರ…’ ಆಮೇಲೇನು? ಬಟ್ಟೆ ಮಡಿಸುವಾಗ ಅಮ್ಮ ತಾನೇ ಕಟ್ಟಿ ಗುನುಗುತ್ತಿದ್ದ ಸಾಲು. ‘ಹಗುರ’ ಎಂದು ಮುಗಿಯುತ್ತಿತ್ತೆಂದು ನೆನಪು. ಆದರೆ ಕೈ ಬದಲಾದ ಮಾತ್ರಕ್ಕೆ ಭಾರ ಎಲ್ಲಿ ಹಗುರವಾಗುತ್ತದೆ? ಇಳಿಸಿದವರಿಗೆ ಹಾಗನ್ನಿಸಬಹುದು, ಅಷ್ಟೆ. ನಿನಗೆ ಪೂರ್ತಿ ನೆನಪಿದ್ದರೆ ತಿಳಿಸು.

ಹೇಗಿದ್ದೀಯ ಎಂದು ಕೇಳುವುದಕ್ಕೇ ಇಷ್ಟು ತಡಮಾಡಿದೆ, ಬೇಜಾರು ಮಾಡಿಕೊಳ್ಳಬೇಡ. ಫೋನನ್ನು ನೀನು ಎತ್ತುವುದಿಲ್ಲ. ಪತ್ರವಾದರೆ ಹರಿಯುವ ಮುನ್ನ ನಾಲ್ಕು ಸಾಲಾದರೂ ಓದುತ್ತೀಯ ಎಂಬ ಆಸೆ. ವಾರ್ಡ್ ಬಿಟ್ಟು ಆಸ್ಪತ್ರೆಯ ಬಟ್ಟೆಕೋಣೆಗೆ ಹಾಕಿಸಿಕೊಂಡಿದ್ದೀಯಂತೆ, ಸಿರಿಂಜ್ ಕಂಡರೆ ಕೈ ನಡುಗುತ್ತದಂತೆ, ತಿಂಗಳ ಕೊನೆಗೆ ಕೆಲಸವನ್ನೇ ಬಿಡುತ್ತೀಯಂತೆ. ನಿನ್ನ ಮೇಟ್ರನ್ ಹೇಳಿದರು. ರಾಜೀನಾಮೆ ಬರೆಯುವ ಮೊದಲು ಇದನ್ನು ಓದು.

ಅಮ್ಮ ಹೋದ ಮೇಲೆ ಅವಳ ಔಷಧದ ಚೀಲ ಖಾಲಿ ಮಾಡುವಾಗ ತಳದಲ್ಲಿ ಒಂದು ಸಣ್ಣ ಬಾಟಲಿ ಸಿಕ್ಕಿತು. ವಿಟಮಿನ್ ಸಿ, ರಕ್ತನಾಳಕ್ಕೆ ಹಾಕುವಂಥದ್ದು, ದೊಡ್ಡ ಡೋಸು. ಅಣ್ಣನನ್ನು ಕೇಳಿದೆ. ಅಮ್ಮ ಹೋದ ದಿನ ಬೆಳಿಗ್ಗೆ, ಕಾಲಿನ ಗಾಯ ಬೇಗ ಒಣಗಲೆಂದು ಅಮ್ಮನನ್ನು ಕ್ಲಿನಿಕ್ಕಿಗೆ ಕರೆದೊಯ್ದು ಡ್ರಿಪ್ ಹಾಕಿಸಿದ್ದನಂತೆ. ನೀನು ಆಗ ರಾತ್ರಿಪಾಳಿಯಿಂದ ಇನ್ನೂ ಬಂದಿರಲಿಲ್ಲ. ಆಮೇಲೆ ನಿನಗೆ ಹೇಳುವುದು ಯಾರಿಗೂ ಹೊಳೆಯಲಿಲ್ಲ. ಹೇಳುವಂಥ ಸಂಗತಿ ಎಂದೇ ಅವರಿಗೆ ಅನ್ನಿಸಿರಲಾರದು.

ನೆಲ್ಲಿಕಾಯಿ ರಸ ಇಟ್ಟುಕೊಂಡು ಆಟವಾಡುವವಳು ಎಂದು ನನ್ನ ಕೆಲಸವನ್ನು ನೀನು ಹಂಗಿಸುತ್ತಿದ್ದೆಯಲ್ಲ, ಈಗ ಅದನ್ನೇ ಹೇಳಬೇಕಾಗಿದೆ. ವಿಟಮಿನ್ ಸಿ ತನ್ನ ಎಲೆಕ್ಟ್ರಾನನ್ನು ಬರಿಯ ಎಲೆಕ್ಟ್ರೋಡಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ, ಬಹಳ ಬಿಗುಮಾನ. ಅದಕ್ಕೇ ನಾವು ಲ್ಯಾಬಿನಲ್ಲಿ ನಡುವೆ ಒಂದು ಮೀಡಿಯೇಟರನ್ನು, ದಲ್ಲಾಳಿಯಂಥ ರಾಸಾಯನಿಕವನ್ನು, ಇಡುತ್ತೇವೆ. ಅದು ಈ ಕಡೆ ಇಸಿದುಕೊಂಡು ಆ ಕಡೆ ಕೊಟ್ಟು, ಬರಿಗೈಯಲ್ಲಿ ಮತ್ತೆ ಬಂದು ನಿಲ್ಲುತ್ತದೆ. ಹಾಗೆ ಹರಿದ ವಿದ್ಯುತ್ತನ್ನು ಅಳೆದರೆ ರಸದಲ್ಲಿ ವಿಟಮಿನ್ ಎಷ್ಟಿದೆ ಎಂದು ತಿಳಿಯುತ್ತದೆ. ಅಮ್ಮನ ಸಕ್ಕರೆ ಕಾಯಿಲೆಗೆ ರಕ್ತದ ಹನಿ ತಾಗಿಸಿ ನೋಡುವ ಮೀಟರಿನ ಪಟ್ಟಿಯ ಮೇಲೂ ಅಂಥದ್ದೇ ಒಂದನ್ನು ಬಳಿದಿದ್ದಾರೆ. ಅಲ್ಲಿ ಅದು ಸಕ್ಕರೆಯ ಲೆಕ್ಕ ತರಬೇಕು. ಆದರೆ ಕೊಟ್ಟವರು ಯಾರು ಎಂದು ಅದು ಮುಖ ನೋಡುವುದಿಲ್ಲ. ರಕ್ತದಲ್ಲಿ ವಿಟಮಿನ್ ಸಿ ತುಂಬಿದ್ದರೆ ಅದರದ್ದನ್ನೂ ಇಸಿದುಕೊಂಡು ಬಂದು ಸಕ್ಕರೆಯ ಖಾತೆಗೇ ಸೇರಿಸುತ್ತದೆ. ಅಮ್ಮನ ಕಿಡ್ನಿ ಮೊದಲೇ ಸೋತಿತ್ತು, ಮಧ್ಯಾಹ್ನಕ್ಕೆ ಆ ಔಷಧ ಮೈಯಿಂದ ಹೊರಹೋಗಿರಲು ಸಾಧ್ಯವಿಲ್ಲ.

ಹಾಗಾಗಿ ಮಧ್ಯಾಹ್ನ ಮೀಟರಿನಲ್ಲಿ ನೀನು ಕಂಡ ದೊಡ್ಡ ಸಂಖ್ಯೆ ಸಕ್ಕರೆಯದ್ದಲ್ಲ, ಚಿಕ್ಕೂ. ಆ ಸಂಖ್ಯೆಗೆ ಡಾಕ್ಟರು ಬರೆದುಕೊಟ್ಟ ಇನ್ಸುಲಿನ್ನನ್ನೇ ನೀನು ಕೊಟ್ಟೆ. ಆಸ್ಪತ್ರೆಗೆ ಹೋದಾಗ ಸಕ್ಕರೆ ಪಾತಾಳಕ್ಕಿಳಿದಿತ್ತೆಂದು ಕೇಳಿ ಎಲ್ಲರೂ ನಿನ್ನ ಕೈಯನ್ನೇ ನೋಡಿದರು.

ಬರೀ ಬಾಯಿಮಾತಾಗಬಾರದೆಂದು ಅಮ್ಮನ ಮೀಟರನ್ನೂ ಉಳಿದ ಪಟ್ಟಿಗಳನ್ನೂ ಲ್ಯಾಬಿಗೆ ಒಯ್ದು ನೋಡಿದೆ. ಮತ್ತೆ ನಿನ್ನೆ ಊಟದ ಮೇಜಿನ ಮೇಲೆ, ಅಣ್ಣನ ಕಣ್ಣೆದುರಿಗೇ ವಿಟಮಿನ್ ಸಿ ಕದಡಿದೆ. ಈ ದ್ರಾವಣ ಗಾಳಿಬೆಳಕಿಗೆ ಕೆಡುತ್ತದೆ, ಆಗಿಂದಾಗಲೇ ಮಾಡಬೇಕು. ಸಕ್ಕರೆಯ ಒಂದು ಕಣವೂ ಇಲ್ಲದ ಹನಿ. ಪಟ್ಟಿಗೆ ತಾಗಿಸಿದೆ. ಮೀಟರು ಒಂದು ಕ್ಷಣ ಯೋಚಿಸಿದಂತೆ ಮಾಡಿ, ಸಕ್ಕರೆ ಇದೆ ಎಂದಿತು.

‘ನರ್ಸಾಗಿ ಇಷ್ಟೂ ಗೊತ್ತಾಗ್ಲಿಲ್ವಾ’ ಎಂದು ನಿನ್ನನ್ನು ಎಲ್ಲರ ಮುಂದೆ ಕೇಳಿದವನು, ಆ ಸಂಖ್ಯೆ ಆರಿಹೋಗುವ ತನಕ ಅದನ್ನೇ ನೋಡುತ್ತ ಕೂತ. ಇನ್ನೊಂದು ಸಲ ಮಾಡು ಎಂದ. ಮಾಡಿದೆ. ಆಮೇಲೆ ತಟ್ಟೆ ಪಕ್ಕಕ್ಕೆ ಸರಿಸಿ, “ಡ್ರಿಪ್ ಹಾಕ್ಸಿದ್ದು ನಾನು” ಎಂದ, ಅಷ್ಟೇ. ಕ್ಲಿನಿಕ್ಕಿನವರನ್ನು ನಂಬಿದ್ದಷ್ಟೇ ಅವನ ತಪ್ಪು ಎಂದು ಹೇಳಿ ನೋಡಿದೆ, ಕಿವಿಗೆ ಹಾಕಿಕೊಳ್ಳಲಿಲ್ಲ.

ಬಟ್ಟೆಕೋಣೆಯಲ್ಲಿ ಹಾಳೆ ಮಡಿಸಿದ್ದು ಸಾಕು. ಸೂಜಿ ಚುಚ್ಚಿದ್ದೇ ಗೊತ್ತಾಗದ ಕೈ ನಿನ್ನದೆಂದು ಅಮ್ಮ ಬೀದಿಗೆಲ್ಲ ಸಾರಿಕೊಂಡು ಬರುತ್ತಿದ್ದಳು. ಆ ಕೈ ನಡುಗದಿರಲಿ. ನಿನಗೆ ನಿದ್ದೆ ಬರಲಿ. ಹೊಟ್ಟೆ ಕಟ್ಟಬೇಡ.

ಸದಾ ನಿನ್ನವಳೇ,
ಅಕ್ಕ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಎದುರುಮನೆಯ ಟೈಲರಮ್ಮ ಬಂದರು. ತನ್ನ ರವಿಕೆಗಳನ್ನೆಲ್ಲ ಇವರು ತಮ್ಮ ಅಳತೆಗೇ ಹೊಲಿಯುತ್ತಾರೆ ಎಂದು ಅಮ್ಮ ಜಗಳ ಆಡುತ್ತಿದ್ದಳಲ್ಲ, ಅವರೇ. ಅಮ್ಮನ ಕತ್ತರಿ ವಾಪಸು ಕೊಡಲು ಬಂದಿದ್ದರು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಅಮ್ಮ ಹೋದದ್ದು ನಮ್ಮ ಚಿಕ್ಕೂ ತಪ್ಪಿನಿಂದಲ್ಲ, ಮೀಟರಿನಿಂದ ಎಂದು ಅವರಿಗೆ ಹೇಳಿದೆ. ಖುಷಿಪಡುತ್ತಾರೆಂದುಕೊಂಡಿದ್ದೆ, ಬಾಗಿಲ ಚೌಕಟ್ಟು ಹಿಡಿದು ಅಳತೊಡಗಿದರು. ಅವತ್ತು ಮಧ್ಯಾಹ್ನ ಆ ಕತ್ತರಿ ಕೇಳಲು ಬಂದಾಗ ಅಮ್ಮ ಕುರ್ಚಿಯಲ್ಲಿ ಬೆವತು ತೊಪ್ಪೆಯಾಗಿದ್ದಳಂತೆ, ಕೈ ಅದುರುತ್ತಿತ್ತಂತೆ. ಪಕ್ಕದ ಕೋಣೆಯಲ್ಲಿ ಮಲಗಿದ್ದ ನಿನ್ನನ್ನು ಕೂಗಲು ಹೊರಟರೆ ಅಮ್ಮ ಸೆರಗು ಹಿಡಿದು ನಿಲ್ಲಿಸಿ, ರಾತ್ರಿಯೆಲ್ಲ ನಿಂತು ಬಂದಿದೆ ಮಗು, ಈಗಷ್ಟೇ ಕಣ್ಣು ಮುಚ್ಚಿದೆ, ಎಬ್ಬಿಸಬೇಡ ಎಂದಳಂತೆ.

ಇದನ್ನು ನಿನ್ನಿಂದ ಮುಚ್ಚಿಡೋಣ ಎಂದು ಬಹಳ ಹೊತ್ತು ಕೂತಿದ್ದೆ. ಆದರೆ ಅವರು ಕತ್ತರಿಯನ್ನು ನನ್ನ ಕೈಗಿಟ್ಟು, ಕೈ ಬಿಡದೆ ಹೇಳಿದ ಮಾತು ನಿನಗೆ ಹೇಳಿದ್ದು, ನನಗಲ್ಲ:

“ನಿಮ್ಮ ತಂಗಿ ನರ್ಸು, ಅವಳಿಗೆ ಗೊತ್ತಿರುತ್ತೆ. ಒಂದ್ ಮಾತು ಕೇಳಿ ಹೇಳ್ತೀರಾ? ನಾನು ಅವತ್ತು ಅವಳನ್ನ ಎಬ್ಬಿಸಿಬಿಟ್ಟಿದ್ರೆ, ಅಮ್ಮ ಉಳೀತಿದ್ರಾ?”