ಮದ್ದೂರು ಸೈಕಲ್ ಸ್ಟ್ಯಾಂಡಿನ ಪುಟ್ಟಮಾದಯ್ಯ

6 ಜೂನ್ 1978, ಬೆಳಿಗ್ಗೆ 7-30
ಇವತ್ತೂ ನಡೆದೇ ಬಂದೆ. ಮಂಡ್ಯದ ರೈಲು ತಡ. ಪ್ಲಾಟ್‌ಫಾರಂ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ಹೊರಗೆ ಸೈಕಲ್ ಸ್ಟ್ಯಾಂಡಿಗೆ ಅಡ್ಡಹಗ್ಗ. ಮುಷ್ಕರದ ಎರಡನೇ ದಿನ. ಮದ್ದೂರು, ಮಂಡ್ಯ, ಮಳವಳ್ಳಿ — ಮೂರೂ ಸ್ಟ್ಯಾಂಡು ಒಬ್ಬನೇ ಗುತ್ತಿಗೆದಾರನವು. ಮೂರೂ ಬಂದ್. ಕೇಳುತ್ತಿರುವುದು ವಾರಕ್ಕೊಂದು ರಜ, ನೇಮಕದ ಪತ್ರ, ಸೈಕಲ್ ಕಳೆದರೆ ಕೆಲಸದವನ ತಲೆಗೆ ಕಟ್ಟಬಾರದು ಅಂತ. ಎಲ್ಲ ಶುರುವಾದದ್ದು ಇಲ್ಲಿ ಕೆಲಸಕ್ಕಿದ್ದ ಪುಟ್ಟಮಾದಯ್ಯ ಸತ್ತ ಮೇಲೆ.
ಅವನು ನಿಲ್ಲುತ್ತಿದ್ದ ಕಂಬಕ್ಕೆ ಒರಗಿ ಯಾರೋ ನಿಂತಿದ್ದರು. ಹತ್ತಿರ ಹೋದೆ. ಯಾರೂ ಇಲ್ಲ.

9 ಜೂನ್
ಮಂಡ್ಯದಲ್ಲಿ, ನಮ್ಮ ಕಾರ್ಖಾನೆ ಸಂಘದ ಆಫೀಸಿನಲ್ಲಿ ಸಭೆ. ಹಮಾಲಿಗಳ ಸಂಘದಿಂದ ಮರಿಸಿದ್ದಯ್ಯ, ಬಸ್ ಕಂಡಕ್ಟರುಗಳ ಕಡೆಯಿಂದ ಪಾರ್ಥಸಾರಥಿ. ಲಗೇಜಿನ ವಿಷಯಕ್ಕೆ ಸದಾ ಜಗಳವಾಡುವವರು. ಇವತ್ತು ಒಂದೇ ಬೆಂಚಿನಲ್ಲಿ.
"ಸ್ಟ್ಯಾಂಡ್ನೋರು ಹನ್ನೊಂದೇ ಜನ. ಅವರಷ್ಟೇ ನಿಂತ್ರೆ ವಾರದಲ್ಲಿ ಮುರ್ದಾಕ್ತಾನೆ," ಅಂದ ಮರಿಸಿದ್ದಯ್ಯ. "ನಾವು ಮೂಟೆ ಇಳ್ಸಾಕಿಲ್ಲ. ನೀವು ಬಸ್ಸು ಬುಡ್ಬ್ಯಾಡಿ."
ಒಪ್ಪಿದರು. ನಾನು ಜಂಟಿ ಕಾರ್ಯದರ್ಶಿ — ನಿರ್ಣಯ ನಾನೇ ಬರೆಯಬೇಕು. 'ಸೈಕಲ್ ಕಳವಿನ ಸುಳ್ಳು ಆರೋಪಕ್ಕೆ ಗುರಿಯಾಗಿ ಮೃತನಾದ ಪುಟ್ಟಮಾದಯ್ಯ'... ಕೈ ನಿಂತಿತು.
"ಸೈಕಲ್ ನಿಮ್ಮದೇ ಅಂತ ಸಂಕೋಚ ಬೇಡ, ಯೋಗಾನರಸಿಂಹ," ಅಂದರು ಪಾರ್ಥಸಾರಥಿ. "ಕದ್ದೋನು ಬೇರೆ ಯಾರೋ."

10 ಜೂನ್
ಬರೆದುಬಿಡುತ್ತೇನೆ. ಇಲ್ಲಾದರೂ.
ಮೇ 15. ಬೆಳಿಗ್ಗೆ ಸೈಕಲ್ ಸ್ಟ್ಯಾಂಡಿನಲ್ಲಿಟ್ಟೆ. ರೈಲು ಇಲ್ಲ ಅಂದರು. ಸೈಕಲ್ ವಾಪಸ್ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ, ದರ್ಜಿ ಅಂಗಡಿ ಹಿಂದೆ ನಿಲ್ಲಿಸಿ ಬಸ್ ಹತ್ತಿದೆ. ಪುಟ್ಟಮಾದಯ್ಯ ಟೋಕನ್ ವಾಪಸ್ ಕೇಳಿರಲಿಲ್ಲ. ಹತ್ತು ವರ್ಷದ ಪರಿಚಯ. ಸಂಜೆ ಬಂದದ್ದು ರೈಲಿನಲ್ಲಿ. ಬೆಳಗಿನದೆಲ್ಲ ಮರೆತೇ ಹೋಗಿತ್ತು. ಟೋಕನ್ ಜೇಬಿನಲ್ಲಿದೆ, ಸೈಕಲ್ ಇಲ್ಲ.
"ಬೆಳಿಗ್ಗೆ ನೀವೇ ತಕಂಡೋದ್ರಲ್ಲ ಸ್ವಾಮಿ," ಅಂದ.
"ನಾನು ಸುಳ್ಳು ಹೇಳ್ತೀನೇನಯ್ಯ?"
ಟೋಕನ್ ಎತ್ತಿ ತೋರಿಸಿದೆ. ಗುತ್ತಿಗೆದಾರ ಎಲ್ಲರೆದುರು ಅವನ ಕೆನ್ನೆಗೆ ಹೊಡೆದ. ಕಳ್ಳ ಅಂದ. ಕೆಲಸದಿಂದ ಓಡಿಸಿದ.
ಮರುದಿನ ದರ್ಜಿ ಅಂಗಡಿ ಹಿಂದೆ ಸೈಕಲ್ ಕಂಡೆ. ಆಗಲೇ ಹೇಳಬಹುದಿತ್ತು. ನಾಚಿಕೆ... ಮನೆಗೆ ತಂದು ಸೌದೆ ಕೊಟ್ಟಿಗೆಯಲ್ಲಿಟ್ಟೆ. ನಾಳೆ ಹೇಳೋಣ. ನಾಳೆ. ಮೂರು ದಿನ ಕಳೆಯಿತು. ಶಿಂಷಾ ಹೊಳೆಯಲ್ಲಿ ಅವನ ಹೆಣ ಸಿಕ್ಕಿತು. ಜಾರಿದನೋ, ತಾನೇ ಇಳಿದನೋ.

14 ಜೂನ್
ಹಮಾಲಿಗಳು ನಿಂತರು. ಬಸ್ಸುಗಳು ನಿಂತವು. ನಮ್ಮ ಕಾರ್ಖಾನೆಯಲ್ಲಿ ಅರ್ಧ ಪಾಳಿ. ಮಧ್ಯಾಹ್ನವೇ ಮನೆ. ಊಟಕ್ಕೆ ಕೂತಾಗ ಕೊಟ್ಟಿಗೆಯಲ್ಲಿ ಸೈಕಲ್ ಬೆಲ್ಲು — ಒಂದೇ ಸಲ.
"ಇಲಿ," ಅಂದೆ.
ಹೆಂಡತಿ ಕನಕಲಕ್ಷ್ಮಿ ಸಾರಿನ ಸೌಟು ಕೆಳಗಿಟ್ಟಳು. "ನಾನು ಆ ಕೊಟ್ಟಿಗೆಗೆ ಹೋಗಿ ತಿಂಗಳಾಯ್ತು. ಸೌದೆ ಪಕ್ಕದ ಮನೇಲಿ ಕೇಳಿ ತರ್ತಿದೀನಿ. ಹೇಳಿಬಿಡಿ ಅಂದ್ರೆ."
"ಕೆಲಸ ಹೋದ್ರೆ?"
ಅವಳು ಸೌಟು ಎತ್ತಿ ನನ್ನ ತಟ್ಟೆಗೆ ಸಾರು ಬಡಿಸಿದಳು.

20 ಜೂನ್
ಮಾತುಕತೆ. ಗುತ್ತಿಗೆದಾರ ರಜಕ್ಕೆ ಒಪ್ಪಿದ, ಪತ್ರಕ್ಕೆ ಒಪ್ಪಿದ, ಕಳೆದ ಸೈಕಲ್ ಕೆಲಸದವನ ತಲೆಗೆ ಕಟ್ಟುವುದಿಲ್ಲ ಅಂದ. ಪುಟ್ಟಮಾದಯ್ಯನ ಹೆಂಡತಿ ಬೆಳ್ಳಮ್ಮನಿಗೆ ಪರಿಹಾರವನ್ನೂ ಕೊಡುತ್ತೇನೆ ಅಂದ. ಬೆಳ್ಳಮ್ಮ ಎದ್ದು ನಿಂತಳು.
"ದುಡ್ಡು ಬ್ಯಾಡ ಕಣಪ್ಪ. ಕಳ್ಳ ಅಲ್ಲ ಅಂತ ಬರ್ಕೊಡಿ. ನನ್ ಮಗೀನ ಇಸ್ಕೂಲಲ್ಲಿ ಕಳ್ಳನ್ ಮಗಳು ಅಂತಾರೆ."
"ಸೈಕಲ್ ಎಲ್ಲಿ? ತೋರ್ಸಿ, ಬರ್ಕೊಡ್ತೀನಿ."
ಇದೊಂದು ಬಿಟ್ಟು ಉಳಿದದ್ದಕ್ಕೆ ಸಹಿ ಹಾಕಿಸಿಕೊಳ್ಳೋಣ ಅಂತ ಪಾರ್ಥಸಾರಥಿ ಪಿಸುಗುಟ್ಟಿದರು. ಕಾಗದ ನನ್ನ ಮುಂದಿತ್ತು.
"ಸೈಕಲ್ ನಮ್ಮನೇಲಿದೆ," ಅಂದೆ. ಎಲ್ಲವನ್ನೂ ಹೇಳಿದೆ. ನಿಂತೇ ಹೇಳಿದೆ.
ಮರಿಸಿದ್ದಯ್ಯ ತಲೆಯ ಟವಲ್ ತೆಗೆದು ಮುಖ ಒರೆಸಿಕೊಂಡ. ಬೆಳ್ಳಮ್ಮ ಕೇಳಿದ್ದು ಒಂದೇ.
"ಆ ಮೂರ್ ದಿನ ಎಲ್ಲಿದ್ರಿ ಸ್ವಾಮಿ?"
"ಇಲ್ಲೇ. ಆಫೀಸಿಗೆ ಹೋಗಿ ಬರ್ತಿದ್ದೆ."

2 ಜುಲೈ
ಗುತ್ತಿಗೆದಾರ ಬರೆದುಕೊಟ್ಟನಂತೆ. ಸ್ಟ್ಯಾಂಡುಗಳು ತೆರೆದಿವೆ. ಸಂಘಕ್ಕೆ ನನ್ನ ರಾಜೀನಾಮೆ ಹೋಯಿತು. ಕೆಲಸ ಉಳಿದಿದೆ, ಮಾತಾಡುವವರಿಲ್ಲ.
ಸಂಜೆ ಬೆಳ್ಳಮ್ಮ ಬಾಗಿಲಿಗೆ ಬಂದಳು. ಒಳಗೆ ಕರೆದರೆ ಬರಲಿಲ್ಲ. ಸೆರಗಿನಿಂದ ಕಾಗದ ತೆಗೆದಳು.
"ಓದಿ."
"ಮರಿಸಿದ್ದಯ್ಯ ಓದಿ ಹೇಳಿಲ್ವೇನಮ್ಮ?"
"ಯೋಳವ್ನೆ. ನಿಮ್ ಬಾಯಲ್ಲಿ ಕೇಳ್ಬೇಕು."
ಓದಿದೆ. ಪುಟ್ಟಮಾದಯ್ಯ ಕಳ್ಳನಲ್ಲ.
"ಇನ್ನೊಂದ್ಸಲ. ಜೋರಾಗಿ."
ಹೊಸ್ತಿಲು ದಾಟಿ ನಿಂತು ಓದಿದೆ. ಎದುರುಮನೆಯವರು ಹೊರಗೆ ಬಂದರು. ಇನ್ನೊಂದು ಸಲ ಓದಿಸಿದಳು. ಕಾಗದ ಮಡಿಸಿ ಸೆರಗಿಗೆ ಕಟ್ಟಿಕೊಂಡಳು.
"ನಾಳೀಕೂ ಬತ್ತೀನಿ," ಅಂದಳು.

9 ಜುಲೈ, ಸಂಜೆ
ನಿನ್ನೆಯವರೆಗೆ ಏಳು ದಿನವೂ ಬಂದಳು. ಬೈಯುವುದಿಲ್ಲ. ಅಳುವುದಿಲ್ಲ. ಕಾಗದ ಕೊಡುತ್ತಾಳೆ, ಕೇಳುತ್ತಾಳೆ, ಹೋಗುತ್ತಾಳೆ. ಈಗ ಕಾಗದ ನೋಡದೆಯೇ ಹೇಳಬಲ್ಲೆ. ಆದರೂ ಓದಿಯೇ ಹೇಳಬೇಕು, ಅಂತಾಳೆ.
ಬಾಗಿಲು ತಟ್ಟುತ್ತಿದ್ದಾರೆ. ಕನಕಲಕ್ಷ್ಮಿ ಏಳಲಿಲ್ಲ. ನನ್ನನ್ನೇ ನೋಡುತ್ತಿದ್ದಾಳೆ. ನಾನೇ ಏಳಬೇಕು.