ಕಪ್ಪು ಕಾಯಿಗಳ ಬಟ್ಟಲು

ಪ್ರೀತಿಯ ಅಪ್ಪನಿಗೆ,

ಇದನ್ನು ಬರೆಯದೆಯೇ ಬಿಡುವುದರಲ್ಲಿದ್ದೆ.

ವೈಚಿ ಎಂದರೆ ಹಲಗೆಯ ಮೇಲೆ ಕಾಯಿಗಳಿಂದ ಎದುರಾಳಿಯನ್ನು ಸುತ್ತುವರಿಯುವ ಆಟ ಎಂದು ಕಲಿಸಿದವರು ನೀವು. ಅಮ್ಮ ಹೋದ ಮೇಲೆ ‘ಬಾ’ ಎಂದು ಕರೆಯಲಾರದೆ, ‘ವೈಚಿಗೆ ಜೊತೆ ಯಾರೂ ಇಲ್ಲ ಕಣೇ’ ಎನ್ನುತ್ತಿದ್ದಿರಿ. ನಾನು ಬರುತ್ತಿದ್ದೆ.

ಗುರುವಿಗೆ ಬಿಳಿ ಕಾಯಿ, ಆಟ ಕಡಿಮೆ ಬಲ್ಲವರಿಗೆ ಕಪ್ಪು ಕಾಯಿ. ಅದು ಯಾವಾಗಲೂ ನನ್ನದು. ಈ ಹೊಸವರ್ಷಕ್ಕೆ ನಾನು ಶಾವೋಷಿಂಗ್‌ನ ಮನೆಗೆ ಬಂದಾಗ ಆ ಬಟ್ಟಲನ್ನು ನೀವೇ ಎಳೆದುಕೊಂಡಿರಿ.

‘ಅದು ನಂದು, ಅಪ್ಪ.’

‘ನಡೆಗಳೆಲ್ಲ ಮರೆತುಹೋಗ್ತಿವೆ ಕಣೇ. ಇನ್ಮೇಲೆ ನೀನೇ ಗುರು’ ಎಂದು ನಕ್ಕಿರಿ. ನಾನು ಚಹಾ ತರುವ ನೆಪದಲ್ಲಿ ಎದ್ದುಹೋದೆ.

ಇಲ್ಲಿ ಶೆಂಜೆನ್‌ನಲ್ಲಿ ನನಗೂ ವೈಚಿಗೆ ಜೊತೆ ಯಾರೂ ಇಲ್ಲ. ಮುಂದಿನ ತಿಂಗಳು ಬರುತ್ತೇನೆ, ನಾನು ಮಲಗುವ ಹಿಂಬದಿಯ ಕೋಣೆಯ ಕಿಟಕಿ ತೆಗೆದಿಡಿ. ನೀವು ಸೋತರೂ ಸರಿ, ಬಿಳಿ ಕಾಯಿ ನಿಮ್ಮದೇ ಇರಲಿ.

ನಿಮ್ಮ
ಸೂಯಿಂಗ್

ಇಂದೇ, ಏಪ್ರಿಲ್ ಎರಡರಂದೇ, ಇದನ್ನು ಅಂಚೆಗೆ ಹಾಕುತ್ತೇನೆ.